ವೇಲ್ಸ್ ನಾಡಿನ ಸ್ತುತಿಗೀತೆ

ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿರುವ ಸಣ್ಣ ನಾಡು ವೇಲ್ಸ್‌ನಲ್ಲಿ ಹದಿನೆಂಟನೆಯ ಶತಮಾನದಿಂದ ಬೆಳೆದುಬಂದ ಕ್ರೈಸ್ತ ಸಾಮೂಹಿಕ ಗಾಯನ ಪರಂಪರೆ. ದೇವರ ಸ್ತುತಿಗಾಗಿ ಹುಟ್ಟಿದ ಈ ಹಾಡುಗಳು ಅಲ್ಲಿ ಆರಾಧನೆಯ ಒಂದು ಅಂಗವಾಗಿಯಷ್ಟೇ ಉಳಿಯಲಿಲ್ಲ. ವಿಶ್ವವಿದ್ಯಾಲಯವಾಗಲಿ, ಸ್ವಂತ ಸರ್ಕಾರವಾಗಲಿ, ರಾಜಧಾನಿಯಾಗಲಿ ಇಲ್ಲದಿದ್ದ ಕಾಲದಲ್ಲಿ ವೆಲ್ಷ್ ಜನರಿಗೆ ಓದು, ಕಾವ್ಯ, ಸಂಗೀತಶಿಕ್ಷಣ, ಸಭೆ ಸೇರುವ ಶಿಸ್ತು ಇವೆಲ್ಲ ಬಹುಮಟ್ಟಿಗೆ ಸ್ತುತಿಗೀತೆಯ ಮೂಲಕವೇ ದಕ್ಕಿದವು. ವೆಲ್ಷ್ ಜನ ಹುಟ್ಟಿನಿಂದಲೇ ಹಾಡುಗಾರರು ಎಂಬ ಮಾತು ಪ್ರಚಲಿತವಾಗಿದೆ. ಹೊಗಳಿಕೆಯಂತೆ ಕಂಡರೂ ಅದು ಅನ್ಯಾಯದ ಮಾತು. ಗಣಿಯಲ್ಲಿ, ಹೊಲದಲ್ಲಿ ದುಡಿದು ಬಂದವರು ಸಂಜೆ ಚಾಪೆಲ್‌ಗಳಲ್ಲಿ (ಆಂಗ್ಲಿಕನ್ ಚರ್ಚಿನಿಂದ ಹೊರಗಿನ ಪಂಥಗಳ ಪ್ರಾರ್ಥನಾಮಂದಿರಗಳಲ್ಲಿ) ಕೂತು ತಲೆಮಾರುಗಳ ಕಾಲ ಮಾಡಿದ ಅಭ್ಯಾಸವನ್ನು ಅದು ಮರೆಸಿಬಿಡುತ್ತದೆ.

ಹಿನ್ನೆಲೆ

1536ರಿಂದ 1543ರವರೆಗಿನ ಕಾನೂನುಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಪೂರ್ತಿಯಾಗಿ ಸೇರಿಸಿ, ನ್ಯಾಯಾಲಯ ಮತ್ತು ಅಧಿಕಾರದ ಭಾಷೆಯನ್ನು ಇಂಗ್ಲಿಷ್ ಮಾಡಿದವು. ವೆಲ್ಷ್ ಭಾಷೆಗೆ ಉಳಿದ ಒಂದೇ ದೊಡ್ಡ ಸಾರ್ವಜನಿಕ ನೆಲೆ ಧರ್ಮ. ವಿಲಿಯಂ ಮಾರ್ಗನ್ 1588ರಲ್ಲಿ ಇಡೀ ಬೈಬಲನ್ನು ವೆಲ್ಷ್‌ಗೆ ತಂದ. 1621ರಲ್ಲಿ ಎಡ್ಮಂಡ್ ಪ್ರೀಸ್ ದಾವೀದನ ಕೀರ್ತನೆಗಳನ್ನು ಹಾಡಲು ಬರುವಂತೆ ಛಂದಸ್ಸಿಗೆ ಅಳವಡಿಸಿದ. ಆ ಪುಸ್ತಕದಲ್ಲಿ ಮಟ್ಟುಗಳನ್ನೂ ಸ್ವರಲಿಪಿಯಲ್ಲಿ ಕೊಟ್ಟಿದ್ದರು. ಲಾಂಡವರಿ ಊರಿನ ಪಾದ್ರಿ ರೀಸ್ ಪ್ರಿಚರ್ಡ್ ಅದೇ ಶತಮಾನದಲ್ಲಿ ಓದು ಬಾರದ ರೈತರ ಬಾಯಲ್ಲಿ ನಿಲ್ಲಲೆಂದು ಸರಳ ನೀತಿಪದ್ಯಗಳನ್ನು ಕಟ್ಟಿದ. ಆದರೂ ಇವು ಕೀರ್ತನೆಗಳು ಮತ್ತು ನೀತಿಪದ್ಯಗಳು. ಭಕ್ತನೊಬ್ಬ ತನ್ನದೇ ಅನುಭವವನ್ನು ತನ್ನದೇ ಮಾತಿನಲ್ಲಿ ಹಾಡುವ ಗೀತೆ ಇನ್ನೂ ಜನರ ನಡುವೆ ಬೇರು ಬಿಟ್ಟಿರಲಿಲ್ಲ.

ಅದಕ್ಕೆ ನೆಲ ಹದಮಾಡಿದವನು ಲಾಂಡೋರರ್ ಗ್ರಾಮದ ಪಾದ್ರಿ ಗ್ರಿಫಿತ್ ಜೋನ್ಸ್. 1730ರ ದಶಕದಲ್ಲಿ ಈತ ಸಂಚಾರಿ ಶಾಲೆಗಳನ್ನು ಶುರುಮಾಡಿದ. ಒಬ್ಬ ಉಪಾಧ್ಯಾಯ ಚಳಿಗಾಲದಲ್ಲಿ, ಹೊಲದ ಕೆಲಸ ಕಡಿಮೆಯಿರುವ ಮೂರು ತಿಂಗಳು ಒಂದು ಊರಿನಲ್ಲಿದ್ದು, ಮಕ್ಕಳಿಗೂ ದೊಡ್ಡವರಿಗೂ ವೆಲ್ಷ್ ಓದಲು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದ. 1761ರಲ್ಲಿ ಜೋನ್ಸ್ ತೀರಿಕೊಳ್ಳುವ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಅಕ್ಷರ ಕಲಿತಿದ್ದರೆಂದು ಅಂದಾಜು. ಆಗ ನಾಡಿನ ಜನಸಂಖ್ಯೆಯೇ ಐದು ಲಕ್ಷದ ಆಸುಪಾಸು. ಬಡ ರೈತರ ಕೈಯಲ್ಲಿ ಪುಸ್ತಕ ಹಿಡಿಯುವ ಅಭ್ಯಾಸ ಬಂದ ಮೇಲೆಯೇ ಸ್ತುತಿಗೀತೆಯ ಸಂಕಲನಗಳಿಗೆ ಓದುಗರು ಸಿಕ್ಕರು.

ಪಾಂಟಿಕೆಲಿನ್

1735ರಲ್ಲಿ ಹೋವೆಲ್ ಹ್ಯಾರಿಸ್ ಮತ್ತು ಡೇನಿಯಲ್ ರೋಲೆಂಡ್ ಎಂಬ ಇಬ್ಬರು ಯುವಕರು ಬೇರೆ ಬೇರೆ ಕಡೆ ಒಂದೇ ಬಗೆಯ ಧಾರ್ಮಿಕ ಅನುಭವಕ್ಕೆ ಒಳಗಾಗಿ ಬಯಲಲ್ಲಿ ನಿಂತು ಪ್ರಸಂಗ ಮಾಡತೊಡಗಿದರು. ಮೆಥಡಿಸ್ಟ್ ಉಜ್ಜೀವನವೆಂದು ಹೆಸರಾದ ಈ ಚಳವಳಿಗೆ ಹಾಡು ಕೊಟ್ಟವನು ವಿಲಿಯಂ ವಿಲಿಯಮ್ಸ್ (1717–1791). ಅವನನ್ನು ಎಲ್ಲರೂ ಕರೆಯುವುದು ಅವನ ತೋಟದ ಮನೆಯ ಹೆಸರಾದ ಪಾಂಟಿಕೆಲಿನ್ ಎಂದೇ. ಕಾರ್ಮಾರ್ದನ್‌ಶೈರಿನ ರೈತ ಕುಟುಂಬದವನು. ವೈದ್ಯನಾಗಬೇಕೆಂದು ಓದುತ್ತಿದ್ದಾಗ ಟಾಲ್‌ಗಾರ್ಥ್ ಚರ್ಚಿನ ಅಂಗಳದಲ್ಲಿ ಹ್ಯಾರಿಸನ ಪ್ರಸಂಗ ಕೇಳಿ ಬದುಕಿನ ದಾರಿ ಬದಲಿಸಿದ. ಆಂಗ್ಲಿಕನ್ ಚರ್ಚು ಅವನಿಗೆ ಡೀಕನ್ ಪದವಿ ಕೊಟ್ಟಿತಾದರೂ ಮೆಥಡಿಸ್ಟರ ಜೊತೆಗಿನ ಓಡಾಟದ ಕಾರಣಕ್ಕೆ ಪೂರ್ಣ ಪಾದ್ರಿಯ ದೀಕ್ಷೆಯನ್ನು ನಿರಾಕರಿಸಿತು. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ಕುದುರೆಯ ಮೇಲೆ ನಾಡೆಲ್ಲ ತಿರುಗಿದ.

ಅವನ ಮೊದಲ ಸಂಕಲನ ‘ಅಲೆಲುಯಾ’ 1744ರಿಂದ ಭಾಗಭಾಗವಾಗಿ ಹೊರಬಂತು. ಬದುಕಿನುದ್ದಕ್ಕೂ ವೆಲ್ಷ್‌ನಲ್ಲಿ ಒಂಬೈನೂರರಷ್ಟು, ಇಂಗ್ಲಿಷ್‌ನಲ್ಲಿ ನೂರಕ್ಕೂ ಹೆಚ್ಚು ಗೀತೆ ಬರೆದ. ಸಂಖ್ಯೆಗಿಂತ ಮುಖ್ಯವಾದುದು ಅವನು ಕಾವ್ಯಭಾಷೆಗೆ ಮಾಡಿದ್ದು. ಅಲ್ಲಿಯವರೆಗಿನ ವೆಲ್ಷ್ ಕಾವ್ಯದ ಗೌರವವೆಲ್ಲ ಬಿಗಿಯಾದ ಪ್ರಾಸ ಮತ್ತು ಅನುಪ್ರಾಸದ ಲೆಕ್ಕಾಚಾರಕ್ಕೆ ಸಲ್ಲುತ್ತಿತ್ತು. ಅದು ಪಂಡಿತರ, ಆಶ್ರಯದಾತರ ಕಾವ್ಯ. ಪಾಂಟಿಕೆಲಿನ್ ಅದನ್ನು ಬದಿಗಿಟ್ಟು ಸರಳ ಛಂದಸ್ಸುಗಳಲ್ಲಿ ತನ್ನ ಸೀಮೆಯ ಆಡುಮಾತನ್ನು, ಸಂತೆಯಲ್ಲಿ ಬಳಕೆಯಲ್ಲಿದ್ದ ಇಂಗ್ಲಿಷ್ ಪದಗಳನ್ನೂ ಸೇರಿಸಿ ಬರೆದ. ವ್ಯಾಕರಣ ಒರಟು ಎಂದು ವಿದ್ವಾಂಸರು ಆಕ್ಷೇಪಿಸಿದರು. ಆದರೆ ಕಾಡು, ಬೆಟ್ಟ, ಕತ್ತಲ ಕಣಿವೆ, ದಣಿದ ಯಾತ್ರಿಕ, ದೂರದಲ್ಲಿ ಕಾಣುವ ಬೆಳಕು, ಅಗಲಿದ ಪ್ರಿಯನಿಗಾಗಿ ಹಂಬಲ – ಈ ಚಿತ್ರಗಳ ಸಾಲಿನಲ್ಲಿ ಒಬ್ಬ ಸಾಮಾನ್ಯ ರೈತ ತನ್ನ ಒಳಗಿನ ತೊಳಲಾಟವನ್ನು ಮೊದಲ ಬಾರಿಗೆ ಗುರುತಿಸಿದ. 1927ರಲ್ಲಿ ವಿಮರ್ಶಕ ಸಾಂಡರ್ಸ್ ಲೂಯಿಸ್ ಪಾಂಟಿಕೆಲಿನ್ ಕುರಿತು ಬರೆದ ಪುಸ್ತಕ ಅವನನ್ನು ಯುರೋಪಿನ ರಮ್ಯ ಕವಿಗಳ ಪೂರ್ವಿಕನಂತೆ ಓದಿತು. ಆ ವಾದ ಪೂರ್ತಿ ಒಪ್ಪಿಗೆಯಾಗದವರೂ ಆಧುನಿಕ ವೆಲ್ಷ್ ಭಾವಗೀತೆ ಇವನಿಂದ ಮೊದಲಾಯಿತೆಂಬುದನ್ನು ಅಲ್ಲಗಳೆಯಲಾರರು.

ಮೆಥಡಿಸ್ಟರು ವಾರಕ್ಕೊಮ್ಮೆ ಸಣ್ಣ ಗುಂಪುಗಳಲ್ಲಿ ಸೇರಿ ತಮ್ಮ ಒಳಗಿನ ಸ್ಥಿತಿಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ‘ಸೆಯಾಟ್’ ಎಂಬ ಕೂಟಗಳಿದ್ದವು. ಭಯ, ಅನುಮಾನ, ಸಂತೋಷ, ಜಡತೆ ಎಲ್ಲವೂ ಅಲ್ಲಿ ಮಾತಾಗುತ್ತಿತ್ತು. ಈ ಕೂಟಗಳನ್ನು ನಡೆಸುತ್ತ ಜನರ ಮನಸ್ಸನ್ನು ಪಾಂಟಿಕೆಲಿನ್ ಕಂಡಷ್ಟು ಹತ್ತಿರದಿಂದ ಆ ಕಾಲದ ಇನ್ನಾವ ಲೇಖಕನೂ ಕಂಡಿರಲಾರ. ಗೀತೆಗಳಲ್ಲಿನ ಮನಶ್ಶಾಸ್ತ್ರೀಯ ಸೂಕ್ಷ್ಮ ಬಂದದ್ದು ಅಲ್ಲಿಂದ. 1762ರಲ್ಲಿ ಅವನ ಹೊಸ ಸಂಕಲನವೊಂದು ಲಾಂಗೈತೊ ಊರಿಗೆ ತಲುಪಿದಾಗ ಅಲ್ಲಿ ದೊಡ್ಡ ಉಜ್ಜೀವನವೇ ಎದ್ದಿತು. ಜನ ಒಂದೇ ನುಡಿಯನ್ನು ಮತ್ತೆ ಮತ್ತೆ ಹಾಡುತ್ತ ಕುಣಿದರು. ಇಂಗ್ಲಿಷರು ಅವರಿಗೆ ‘ಕುಪ್ಪಳಿಸುವವರು’ ಎಂದು ಹೆಸರಿಟ್ಟರು. ಈ ಕುಣಿತವನ್ನು ಸಮರ್ಥಿಸಿ ಪಾಂಟಿಕೆಲಿನ್ ಎರಡು ಗದ್ಯಪತ್ರಗಳನ್ನು ಪ್ರಕಟಿಸಬೇಕಾಯಿತು.

ಆ್ಯನ್ ಗ್ರಿಫಿತ್ಸ್

ಬರೆದಿಟ್ಟ ಪುಸ್ತಕದಿಂದಲ್ಲ, ಒಬ್ಬ ಮನೆಕೆಲಸದ ಹೆಂಗಸಿನ ನೆನಪಿನಿಂದ ಉಳಿದುಬಂದ ಕಾವ್ಯ ಆ್ಯನ್ ಗ್ರಿಫಿತ್ಸಳದು (1776–1805). ಮಾಂಟ್‌ಗೊಮರಿಶೈರಿನ ಡೊಲ್ವಾರ್ ಫಾಕ್ ಎಂಬ ತೋಟದ ಮನೆಯ ಮಗಳು. ಇಪ್ಪತ್ತರ ಹರೆಯದಲ್ಲಿ ಮೆಥಡಿಸ್ಟ್ ಕೂಟ ಸೇರಿದಳು. ಪ್ರಭುಭೋಜನಕ್ಕಾಗಿ ಬೆರ್ವಿನ್ ಬೆಟ್ಟಗಳನ್ನು ದಾಟಿ ಬಾಲಾ ಪಟ್ಟಣದ ತನಕ ನಡೆದುಹೋಗುತ್ತಿದ್ದಳು. ಮದುವೆಯಾಗಿ ವರ್ಷ ತುಂಬುವ ಮೊದಲೇ, ಹೆರಿಗೆಯಾದ ಮೇಲೆ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡಳು. ಕಟ್ಟಿದ ಗೀತೆಗಳನ್ನು ಆಕೆ ಜೋಪಾನವಾಗಿ ಬರೆದಿಡುತ್ತಿರಲಿಲ್ಲ. ಮನೆಯಲ್ಲಿ ಕೆಲಸಕ್ಕಿದ್ದ ರೂತ್ ಇವಾನ್ಸ್‌ಗೆ ಹೇಳಿಕೊಡುತ್ತಿದ್ದಳು, ರೂತ್ ಅವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಮುಂದೆ ರೂತ್‌ಳ ಗಂಡನಾದ ಬೋಧಕ ಜಾನ್ ಹ್ಯೂಸ್ ಅವನ್ನು ಬರೆದುಕೊಂಡ. ಬಾಲಾದ ಮೆಥಡಿಸ್ಟ್ ಮುಖಂಡ ಥಾಮಸ್ ಚಾರ್ಲ್ಸನ ಆಸಕ್ತಿಯಿಂದ 1806ರ ಸುಮಾರಿಗೆ ಅವು ಅಚ್ಚಾದವು. ಈಗ ಉಳಿದಿರುವುದು ಎಪ್ಪತ್ತಕ್ಕೂ ಸ್ವಲ್ಪ ಹೆಚ್ಚು ನುಡಿಗಳು, ಜೊತೆಗೆ ಕೆಲವು ಪತ್ರಗಳು.

ಇಷ್ಟು ಕಡಿಮೆ ಬರೆದು ಇಷ್ಟು ಎತ್ತರಕ್ಕೆ ಏರಿದ ಕವಿಗಳು ಯಾವ ಭಾಷೆಯಲ್ಲೂ ವಿರಳ. ಪಾಂಟಿಕೆಲಿನ್ ಭಾವವನ್ನು ಬಿಚ್ಚಿ ಹರಡಿದರೆ ಆ್ಯನ್ ಅದನ್ನು ಒಂದೇ ಬಿಂದುವಿಗೆ ತರುತ್ತಾಳೆ. ದೇವರು ಮನುಷ್ಯನಾದ ವಿರೋಧಾಭಾಸ, ಸೃಷ್ಟಿಕರ್ತನೇ ಸಮಾಧಿಯಲ್ಲಿ ಮಲಗಿದ ಅಚ್ಚರಿ – ಬೈಬಲಿನ ದೂರದೂರದ ಪ್ರಸಂಗಗಳು ಅವಳ ಒಂದು ನುಡಿಯೊಳಗೆ ಒತ್ತೊತ್ತಾಗಿ ಬಂದು ನಿಲ್ಲುತ್ತವೆ. ವೆಲ್ಷ್ ಸಾಹಿತ್ಯ ಚರಿತ್ರೆಯಲ್ಲಿ ಮೊದಲ ಸಾಲಿನ ಕವಿ ಎಂಬ ಸ್ಥಾನ ಈಕೆಗೆ ಸಿಕ್ಕಿರುವುದಕ್ಕೆ, ಅಕ್ಷರ ಬಾರದ ಗೆಳತಿಯೊಬ್ಬಳ ನೆನಪಿನ ಶಕ್ತಿಯೂ ಕಾರಣ ಎಂಬುದನ್ನು ರೂತ್‌ಳ ಹೆಸರು ಹೇಳಿಯೇ ದಾಖಲಿಸಬೇಕು.

ಮಟ್ಟು, ಸ್ವರಲಿಪಿ, ಕಮಾನ್ವಾ ಗಾನಿ

ಗೀತೆಗಳು ಹೇರಳವಾಗಿದ್ದರೂ ಬಹುಕಾಲ ಮಟ್ಟುಗಳು ಬೆರಳೆಣಿಕೆಯಷ್ಟೇ. ಲಾವಣಿಯ ಧಾಟಿಗಳನ್ನು, ಇಂಗ್ಲೆಂಡಿನಿಂದ ಬಂದ ರಾಗಗಳನ್ನು ಹೊಂದಿಸಿಕೊಳ್ಳುತ್ತಿದ್ದರು. ಗಾಯನದ ಮುಂದಾಳು ಎದ್ದು ಸಾಲು ಎತ್ತಿಕೊಟ್ಟರೆ ಸಭೆ ಅದನ್ನು ಹಿಂಬಾಲಿಸುತ್ತಿತ್ತು. ಎಲ್ಲರೂ ಒಂದೇ ಧಾಟಿಯನ್ನು, ಅವರವರಿಗೆ ಬಂದ ಹಾಗೆ ಹಾಡುತ್ತಿದ್ದರು. ಈ ಸ್ಥಿತಿಯನ್ನು ಬದಲಿಸಿದವನು ಇಯೆನ್ ಗ್ವಿಲ್ಟ್ ಎಂಬ ಕಾವ್ಯನಾಮದ ಜಾನ್ ರಾಬರ್ಟ್ಸ್ (1822–1877). ಪತ್ರಿಕಾ ಸಂಪಾದಕ, ಬೋಧಕ, ಹಟವಾದಿ. ಬೆಡಗಿನ ಮಟ್ಟುಗಳನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಜರ್ಮನಿಯ ಲೂಥರನ್ ಗಾಯನದ ಗಂಭೀರ, ನಿಧಾನ ನಡೆ ಅವನ ಆದರ್ಶ. 1859ರಲ್ಲಿ ಪ್ರಕಟವಾದ ಅವನ ಸಭಾಗಾಯನದ ಮಟ್ಟುಗಳ ಸಂಕಲನ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳಿಗೂ ಸ್ವರ ಜೋಡಿಸಿ ಕೊಟ್ಟಿತು. ಇಡೀ ಸಭೆಯೇ ನಾಲ್ಕು ಧ್ವನಿಗಳ ಗಾಯಕವೃಂದವಾಗಬೇಕೆಂಬುದು ಅವನ ಗುರಿ. ವೃತ್ತಿಗಾಯಕರು ಮುಂದೆ ಹಾಡುತ್ತ ಉಳಿದವರು ಕೇಳುವ ಪದ್ಧತಿಗೆ ಇದು ತೀರ ವಿರುದ್ಧ.

ಅದೇ ವರ್ಷ ಅಬರ್‌ಡೇರ್ ಪಟ್ಟಣದಲ್ಲಿ ಅವನ ನೇತೃತ್ವದಲ್ಲಿ ನಡೆದ ಗಾಯನಸಭೆಯನ್ನು ಸಾಮಾನ್ಯವಾಗಿ ಮೊದಲ ‘ಕಮಾನ್ವಾ ಗಾನಿ’ ಎಂದು ಎಣಿಸುತ್ತಾರೆ. ಸ್ತುತಿಗೀತೆ ಹಾಡುವುದಕ್ಕೆಂದೇ ಸುತ್ತಲಿನ ಚಾಪೆಲ್‌ಗಳೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಸೇರುವ ಉತ್ಸವ ಇದು. ಹಾಡುಗಳ ಪಟ್ಟಿ ತಿಂಗಳುಗಳ ಮೊದಲೇ ಅಚ್ಚಾಗಿ ಎಲ್ಲರ ಕೈ ಸೇರುತ್ತಿತ್ತು. ಚಳಿಗಾಲವೆಲ್ಲ ಪ್ರತಿ ಚಾಪೆಲ್‌ನಲ್ಲಿ ತಾಲೀಮು. ಉತ್ಸವದ ದಿನ ಹಗಲು ಮಕ್ಕಳ ಸರದಿ, ಸಂಜೆ ದೊಡ್ಡವರದು. ಹೊರಗಿನಿಂದ ಕರೆಸಿದ ನಿರ್ದೇಶಕ ಸಭೆಗೆ ಎದುರಾಗಿ ನಿಂತು, ಒಂದು ನುಡಿಯ ಅರ್ಥ ಬಿಡಿಸಿ, ಮೆಲ್ಲಗೆ ಹಾಡಬೇಕಾದೆಡೆ ಗದರಿಸಿ ತಗ್ಗಿಸಿ, ಕಾವು ಏರಿದಾಗ ಕೊನೆಯ ಸಾಲುಗಳನ್ನು ಮರಳಿ ಮರಳಿ ಹಾಡಿಸುತ್ತಿದ್ದ. ಇಲ್ಲಿ ಪ್ರೇಕ್ಷಕರೆಂಬುವವರೇ ಇಲ್ಲ. ಕೇಳಲು ಬಂದವನ ಕೈಗೂ ಪುಸ್ತಕ ಬರುತ್ತದೆ.

ಇದೆಲ್ಲ ಸಾಧ್ಯವಾದದ್ದು ಟಾನಿಕ್ ಸೊಲ್-ಫಾ ಎಂಬ ಸ್ವರಲಿಪಿಯಿಂದ. ನಾರ್ವಿಚ್‌ನ ಶಿಕ್ಷಕಿ ಸಾರಾ ಗ್ಲೋವರ್ ರೂಪಿಸಿದ ಕ್ರಮವನ್ನು ಜಾನ್ ಕರ್ವೆನ್ ಪರಿಷ್ಕರಿಸಿದ. 1860ರ ದಶಕದಲ್ಲಿ ಲಿವರ್‌ಪೂಲಿನ ಎಲಿಯೇಜರ್ ರಾಬರ್ಟ್ಸ್ ಅದನ್ನು ವೆಲ್ಷ್ ಜನರಿಗೆ ತಂದ. ಇದರಲ್ಲಿ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ಇಲ್ಲ. ಡೊ, ರೆ, ಮಿ ಮೊದಲಾದ ಏಳು ಸ್ವರಗಳ ಮೊದಲಕ್ಷರಗಳೇ ಲಿಪಿ. ಆಧಾರ ಷಡ್ಜವನ್ನು ಯಾವ ಶ್ರುತಿಯಲ್ಲಿಟ್ಟರೂ ಸರಿಗಮದ ಸಂಬಂಧ ಬದಲಾಗದಂತೆ ಇಲ್ಲಿಯೂ ಡೊ ಸ್ವರ ಹಾಡಿಗೆ ತಕ್ಕಂತೆ ಸ್ಥಾನ ಬದಲಿಸುತ್ತದೆ. ವಾದ್ಯ ಬೇಕಿಲ್ಲ. ಅಚ್ಚುಮನೆಯ ಸಾಮಾನ್ಯ ಮೊಳೆಗಳಲ್ಲೇ ಮುದ್ರಿಸಬಹುದಾದ್ದರಿಂದ ಪುಸ್ತಕದ ಬೆಲೆಯೂ ಕಡಿಮೆ. ಚಾಪೆಲ್‌ನ ಗೋಡೆಗೆ ಸ್ವರಗಳ ಪಟ ತೂಗುಹಾಕಿ, ಕೋಲಿನಿಂದ ತೋರಿಸುತ್ತ ಮಕ್ಕಳಿಗೆ ಕಲಿಸುತ್ತಿದ್ದರು. ಪರೀಕ್ಷೆ, ಪ್ರಮಾಣಪತ್ರಗಳೂ ಇದ್ದವು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಹೊಸ ಹಾಡನ್ನು ಕಣ್ಣಿನಿಂದ ಓದಿ ನೇರವಾಗಿ ಹಾಡಬಲ್ಲ ಗಣಿಕಾರ್ಮಿಕರು ಸಾವಿರಗಟ್ಟಲೆ ಸಿದ್ಧರಾದರು.

ಸ್ವಂತ ಮಟ್ಟುಗಳ ಕಾಲವೂ ಇದೇ. ಜೋಸೆಫ್ ಪ್ಯಾರಿ (1841–1903) ಮರ್ಥರ್ ಪಟ್ಟಣದವನು. ಬಾಲ್ಯದಲ್ಲೇ ಕೂಲಿಗೆ ಸೇರಿ, ಕುಟುಂಬದೊಡನೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋಗಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ. ಜನರು ಕೂಡಿಸಿಕೊಟ್ಟ ಹಣದಿಂದ ಲಂಡನ್ನಿನಲ್ಲಿ ಸಂಗೀತ ಓದಿ, 1874ರಲ್ಲಿ ಅಬರಿಸ್ಟ್ವಿತ್‌ನ ಹೊಸ ಕಾಲೇಜಿನಲ್ಲಿ ಸಂಗೀತ ಪ್ರಾಧ್ಯಾಪಕನಾದ. ಅಲ್ಲಿ ಕಟ್ಟಿದ ‘ಅಬರಿಸ್ಟ್ವಿತ್’ ಮಟ್ಟು ವೆಲ್ಷ್ ಗಾಯನಕ್ಕೆ ಪ್ರಿಯವಾದ ಮೈನರ್ ಸ್ವರಶ್ರೇಣಿಯ ವಿಷಾದವನ್ನು ಅದರ ಶುದ್ಧ ರೂಪದಲ್ಲಿ ಹಿಡಿದಿದೆ. ರೋಲೆಂಡ್ ಪ್ರಿಚರ್ಡನ ‘ಹವರದೊಲ್’, ವಿಲಿಯಂ ಓವೆನನ ‘ಬ್ರಿನ್ ಕಾಲ್ವೇರಿಯಾ’ ಮಟ್ಟುಗಳು ಇಂಗ್ಲಿಷ್ ಚರ್ಚುಗಳಿಗೂ ದಾಟಿದವು. ಇಂಗ್ಲಿಷ್ ಸಂಗೀತ ರಚನಕಾರ ವಾನ್ ವಿಲಿಯಮ್ಸ್ 1920ರಲ್ಲಿ ಇವೆರಡನ್ನೂ ಆಧರಿಸಿ ಆರ್ಗನ್ ಕೃತಿಗಳನ್ನು ರಚಿಸಿದ.

ನಾಡಿನ ಬದುಕಿನಲ್ಲಿ

1847ರಲ್ಲಿ ವೇಲ್ಸಿನ ಶಿಕ್ಷಣದ ಬಗ್ಗೆ ಸರ್ಕಾರಿ ಆಯೋಗವೊಂದರ ವರದಿ ಬಂತು. ವೆಲ್ಷ್ ಭಾಷೆ ಪ್ರಗತಿಗೆ ಅಡ್ಡಿ, ಜನ ಅಜ್ಞಾನಿಗಳು, ಹೆಂಗಸರ ನಡತೆ ಸರಿಯಿಲ್ಲ ಎಂದು ವೆಲ್ಷ್ ಬಾರದ ಮೂವರು ಇಂಗ್ಲಿಷ್ ಆಯುಕ್ತರು ಬರೆದರು. ನೀಲಿ ರಟ್ಟಿನ ಆ ಸಂಪುಟಗಳು ಮಾಡಿದ ಗಾಯ ಆಳವಾದದ್ದು. ಮುಂದಿನ ಅರ್ಧ ಶತಮಾನದ ಸಾಮೂಹಿಕ ಗಾಯನವನ್ನು ಆ ಅವಮಾನಕ್ಕೆ ಕೊಟ್ಟ ಉತ್ತರವೆಂದೂ ಓದಬೇಕು. ನಾವು ಶಿಸ್ತಿನವರು, ಮದ್ಯ ತೊರೆದವರು, ಕಲೆ ಬಲ್ಲವರು ಎಂದು ತೋರಿಸುವ ತವಕ ಅದರಲ್ಲಿತ್ತು. 1872 ಮತ್ತು 1873ರಲ್ಲಿ ಕರಾಡೊಗ್ ಎಂದು ಹೆಸರಾದ ಕಮ್ಮಾರ ಗ್ರಿಫಿತ್ ರೀಸ್ ಜೋನ್ಸ್ ದಕ್ಷಿಣ ವೇಲ್ಸಿನ ನಾನೂರಕ್ಕೂ ಹೆಚ್ಚು ಕಾರ್ಮಿಕ ಗಾಯಕರನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಸ್ಪರ್ಧೆಗೆ ಕರೆದೊಯ್ದು ಎರಡು ವರ್ಷವೂ ಗೆದ್ದುಬಂದಾಗ ಊರೂರಲ್ಲಿ ಸಂಭ್ರಮವಾಯಿತು. ಅವನ ಪ್ರತಿಮೆ ಇಂದಿಗೂ ಅಬರ್‌ಡೇರ್ ಚೌಕದಲ್ಲಿದೆ. ಆದರೆ ಈ ಗೌರವಕ್ಕೆ ಬೆಲೆಯೂ ಇತ್ತು. ಹಳೆಯ ಪಿಟೀಲು ವಾದನ, ಜಾನಪದ ಕುಣಿತ, ಲಾವಣಿಗಳನ್ನು ಪಾಪವೆಂದು ದೂರವಿಟ್ಟ ಚಾಪೆಲ್ ಸಂಸ್ಕೃತಿ ಅವುಗಳಲ್ಲಿ ಎಷ್ಟನ್ನೋ ಅಳಿಸಿಹಾಕಿತು. ಸ್ತುತಿಗೀತೆಯ ಚರಿತ್ರೆ ಬರೆಯುವವರು ಈ ನಷ್ಟವನ್ನು ಮುಚ್ಚಿಡಬಾರದು.

ರೊಂಡಾ ಕಣಿವೆಯಲ್ಲಿ 1851ರಲ್ಲಿ ಇದ್ದವರು ಎರಡು ಸಾವಿರದಷ್ಟು ಜನ; 1911ರ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು. ಕಲ್ಲಿದ್ದಲು ಅರಸಿ ಹಳ್ಳಿಗಳಿಂದ ಬಂದವರು ತಮ್ಮೊಡನೆ ಚಾಪೆಲ್‌ಗಳನ್ನೂ ಹಾಡನ್ನೂ ತಂದರು. ಗಣಿ ದುರಂತದ ಶವಯಾತ್ರೆಯಲ್ಲಿ, ಮುಷ್ಕರದ ಸಭೆಯಲ್ಲಿ, ಮದುವೆಯಲ್ಲಿ ಅದೇ ಗೀತೆಗಳು ಕೇಳಿಬರುತ್ತಿದ್ದವು. ಚಾಪೆಲ್ ತಾಲೀಮಿನಿಂದಲೇ ಗಂಡಸರ ಗಾಯಕವೃಂದಗಳು ಹುಟ್ಟಿಕೊಂಡವು. ಟ್ರಿಯಾರ್ಕಿಯ ವೃಂದ 1895ರಲ್ಲಿ ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿತು. 1957ರಲ್ಲಿ ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದ ಕಪ್ಪು ಗಾಯಕ ಪಾಲ್ ರೋಬ್ಸನ್, ಪೋರ್ತ್‌ಕೋಲ್‌ನಲ್ಲಿ ನೆರೆದ ಗಣಿಕಾರ್ಮಿಕರಿಗೆ ಅಟ್ಲಾಂಟಿಕ್ ಆಚೆಯಿಂದ ದೂರವಾಣಿ ತಂತಿಯ ಮೂಲಕ ಹಾಡಿದಾಗ, ಈ ಕಡೆಯಿಂದ ಅವನಿಗೆ ಹಾಡಿನಲ್ಲೇ ಉತ್ತರ ಕೊಟ್ಟವರಲ್ಲಿ ಅದೇ ಟ್ರಿಯಾರ್ಕಿಯ ವೃಂದವಿತ್ತು.

1904ರ ಅಕ್ಟೋಬರ್ ಕೊನೆಯಲ್ಲಿ ಲೌಕರ್ ಊರಿನ ಮಾಜಿ ಗಣಿಕಾರ್ಮಿಕ, ಇಪ್ಪತ್ತಾರರ ಇವಾನ್ ರಾಬರ್ಟ್ಸ್ ಮೊರಾಯಾ ಚಾಪೆಲ್‌ನಲ್ಲಿ ಶುರುಮಾಡಿದ ಪ್ರಾರ್ಥನಾಕೂಟಗಳು ನಾಡನ್ನೇ ಆವರಿಸಿದವು. ಲಕ್ಷದಷ್ಟು ಜನ ಮನಃಪರಿವರ್ತನೆ ಹೊಂದಿದರೆಂದು ಆಗ ಹೇಳಲಾಯಿತು. ಹಿಂದಿನ ಉಜ್ಜೀವನಗಳ ಬಲ ಪ್ರಸಂಗವಾಗಿತ್ತು, ಇದರ ಬಲ ಹಾಡು. ಬೋಧಕ ಮಾತಾಡುತ್ತಿರುವಾಗಲೇ ಮೂಲೆಯಲ್ಲೊಬ್ಬಳು ಹುಡುಗಿ ಗೀತೆ ಎತ್ತಿಕೊಂಡರೆ ಸಭೆ ಅವಳ ಹಿಂದೆ ಹೋಗುತ್ತಿತ್ತು. ಹೆಂಗಸರಿಗೆ, ಹದಿಹರೆಯದವರಿಗೆ ಚಾಪೆಲ್‌ನ ನಡುವೆ ಧ್ವನಿ ಸಿಕ್ಕಿದ್ದು ಹೀಗೆ.

ವೇಲ್ಸಿನ ಹಾಡುಗಳಲ್ಲಿ ಹೊರಗಿನವರಿಗೆ ಅತ್ಯಂತ ಪರಿಚಿತವಾದ ‘ಕೂಮ್ ರೊಂಡಾ’ ಮಟ್ಟಿನ ಕರ್ತೃ ಇನ್ನೊಬ್ಬ ಜಾನ್ ಹ್ಯೂಸ್ (1873–1932) ಗುಮಾಸ್ತೆ. ಪಾಂಟಿಪ್ರಿದ್ದ್ ಬಳಿಯ ರೊಂಡಾ ಚಾಪೆಲ್‌ನಲ್ಲಿ 1907ರಲ್ಲಿ ಆರ್ಗನ್ ಪ್ರತಿಷ್ಠೆಯಾದಾಗ ಅದನ್ನು ಹಾಡಿದರು. ಪಾಂಟಿಕೆಲಿನ್‌ನ ಯಾತ್ರಿಕನ ಗೀತೆಯ ಇಂಗ್ಲಿಷ್ ರೂಪ ಈ ಮಟ್ಟಿನಲ್ಲಿ ಲೋಕಪ್ರಸಿದ್ಧವಾಯಿತು. 1997ರಲ್ಲಿ ರಾಜಕುಮಾರಿ ಡಯಾನಾಳ ಅಂತ್ಯಕ್ರಿಯೆಯಲ್ಲೂ ಹಾಡಲಾಯಿತು. ವೆಲ್ಷ್ ಭಾಷೆಯ ಸಭೆಗಳಲ್ಲಿ ಮಾತ್ರ ಈ ಮಟ್ಟಿಗೆ ಹೆಚ್ಚಾಗಿ ಹೊಂದಿಸುವುದು ಆ್ಯನ್ ಗ್ರಿಫಿತ್ಸಳ ಗೀತೆಯನ್ನು. ಕಾರ್ಡಿಫ್‌ನ ರಗ್ಬಿ ಮೈದಾನದಲ್ಲಿ ಎಪ್ಪತ್ತು ಸಾವಿರ ಕಂಠಗಳು ಇದನ್ನು ಎತ್ತಿಕೊಂಡಾಗ ಹಾಡುವವರಲ್ಲಿ ಬಹಳ ಮಂದಿ ಚಾಪೆಲ್ ಮೆಟ್ಟಿಲು ಹತ್ತಿದವರಲ್ಲ. ಇದನ್ನು ಭಕ್ತಿಯ ಅವನತಿ ಎಂದು ಕೊರಗುವವರಿದ್ದಾರೆ. ಆದರೆ ಸಾವಿರಾರು ಅಪರಿಚಿತರು ಅಭ್ಯಾಸವಿಲ್ಲದೆ ನಾಲ್ಕು ಧ್ವನಿಗಳಿಗೆ ತಾವಾಗಿ ಹಂಚಿಕೊಳ್ಳುವುದು ಹಳೆಯ ತಾಲೀಮಿನ ಫಲವೇ ಹೊರತು ಬೇರೇನಲ್ಲ.

ಇಳಿಕೆ ಮತ್ತು ಹೊಸ ನೆಲೆಗಳು

ಮೊದಲ ಮಹಾಯುದ್ಧ, ಗಣಿಗಳ ಕುಸಿತ, ವಲಸೆ, ಇಂಗ್ಲಿಷ್ ಶಿಕ್ಷಣ ಇವು ಚಾಪೆಲ್‌ಗಳನ್ನು ಬರಿದು ಮಾಡಿದವು. 1911ರಲ್ಲಿ ಜನಸಂಖ್ಯೆಯ ಶೇ. 43ಕ್ಕೂ ಹೆಚ್ಚು ಮಂದಿ ವೆಲ್ಷ್ ಆಡುತ್ತಿದ್ದರು, 2021ರಲ್ಲಿ ಶೇ. 17.8. ಅದೇ 2021ರ ಗಣತಿಯಲ್ಲಿ ಯಾವ ಧರ್ಮವೂ ಇಲ್ಲ ಎಂದವರು ಕ್ರೈಸ್ತರೆಂದು ಹೇಳಿಕೊಂಡವರಿಗಿಂತ ಹೆಚ್ಚಾಗಿದ್ದರು. ಚಾಪೆಲ್‌ಗಳು ಮನೆಗಳಾಗಿ, ಉಗ್ರಾಣಗಳಾಗಿ ಮಾರ್ಪಟ್ಟಿವೆ. ಗಾಯನ ಬಹುಪಾಲು ಪ್ರಸಾರ ಮಾಧ್ಯಮಕ್ಕೆ ಬಂತು. 1940ರ ದಶಕದಲ್ಲಿ ಶುರುವಾದ ಬಿಬಿಸಿಯ ವೆಲ್ಷ್ ಸ್ತುತಿಗೀತೆ ರೇಡಿಯೊ ಕಾರ್ಯಕ್ರಮ ಮನೆಮಾತಾಯಿತು. 1961ರಲ್ಲಿ ದೂರದರ್ಶನದಲ್ಲಿ ವೆಲ್ಷ್ ಸ್ತುತಿಗೀತೆ ಕಾರ್ಯಕ್ರಮ ಮೊದಲಾಯಿತು. ಅದೇ ವರ್ಷ ಬ್ರಿಟನ್ನಿಗೆಲ್ಲ ಪ್ರಸಾರವಾಗುವ ‘ಸಾಂಗ್ಸ್ ಆಫ್ ಪ್ರೇಸ್’ನ ಮೊದಲ ಸಂಚಿಕೆ ಬಂದದ್ದೂ ಕಾರ್ಡಿಫ್‌ನ ಚಾಪೆಲೊಂದರಿಂದ. ಬೇರೆ ಬೇರೆ ಪಂಥಗಳು ತಮ್ಮತಮ್ಮ ಪುಸ್ತಕ ಬಿಟ್ಟು 2001ರಲ್ಲಿ ‘ಕಾನೆಯಾನ್ ಫೀದ್’ ಎಂಬ ಸಮಾನ ಗೀತಸಂಕಲನ ತಂದವು.

ವಲಸೆ ಹೋದವರು ಕಮಾನ್ವಾವನ್ನು ಅಮೆರಿಕಕ್ಕೂ, ಅರ್ಜೆಂಟೀನಾದ ಪ್ಯಾಟಗೋನಿಯಾಕ್ಕೂ ಒಯ್ದರು. 1929ರಲ್ಲಿ ನಯಾಗರಾದಲ್ಲಿ ಸೇರಿದ ಸಭೆಯಿಂದ ಉತ್ತರ ಅಮೆರಿಕದ ರಾಷ್ಟ್ರೀಯ ಕಮಾನ್ವಾ ಹುಟ್ಟಿತು. ಆದರೆ ಪರಂಪರೆ ಅತ್ಯಂತ ಆಳವಾಗಿ ಬೇರೂರಿದ್ದು ಭಾರತದ ಈಶಾನ್ಯ ಬೆಟ್ಟಗಳಲ್ಲಿ. 1841ರಲ್ಲಿ ವೆಲ್ಷ್ ಮಿಷನರಿ ಥಾಮಸ್ ಜೋನ್ಸ್ ಚಿರಾಪುಂಜಿಗೆ ಬಂದು ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯತೊಡಗಿದ. ಬೆನ್ನಿಗೇ ಗೀತಪುಸ್ತಕಗಳು ಬಂದವು. 1904ರ ಉಜ್ಜೀವನದ ಸುದ್ದಿ ಮುಟ್ಟಿ, 1905ರಲ್ಲೇ ಖಾಸಿ ಬೆಟ್ಟಗಳಲ್ಲಿ ಅದೇ ಬಗೆಯ ಅಲೆ ಎದ್ದಿತು. 1906ರಲ್ಲಿ ಖಾಸಿ ಸಭೆಗೆ ಕಾಲ್ನಡಿಗೆಯಲ್ಲಿ ಬಂದುಹೋದ ಮಿಜೊ ಪ್ರತಿನಿಧಿಗಳು ಅದನ್ನು ಐಜಾಲಿಗೆ ಒಯ್ದರು. ಮಿಷನರಿಗಳು ದೂರವಿಟ್ಟಿದ್ದ ‘ಖುವಾಂಗ್’ ಎಂಬ ಡೋಲು ಮುಂದಿನ ಉಜ್ಜೀವನಗಳಲ್ಲಿ ಚರ್ಚಿನೊಳಗೆ ಬಂತು. ಮಿಜೊ ಕವಿಗಳು ತಮ್ಮದೇ ಧಾಟಿಯಲ್ಲಿ ಗೀತೆ ಕಟ್ಟಿದರು. ಡೋಲಿನ ಸುತ್ತ ನಿಧಾನ ಲಯದಲ್ಲಿ ಹಾಡುವ ‘ಲೆಂಗ್‌ಖಾಮ್’ ಪದ್ಧತಿ ರೂಪುಗೊಂಡಿತು. ಅದರ ಜೊತೆಜೊತೆಗೆ ನಾಲ್ಕು ಧ್ವನಿಗಳ ವೃಂದಗಾಯನವೂ ಅಲ್ಲಿ ಉಳಿದಿದೆ. ವೇಲ್ಸಿನಲ್ಲೇ ಓದಬಲ್ಲವರು ತೀರ ಕಡಿಮೆಯಾಗಿರುವ ಟಾನಿಕ್ ಸೊಲ್-ಫಾ ಲಿಪಿಯನ್ನು ಮಿಜೋರಾಂನ ಚರ್ಚಿನ ಹುಡುಗ ಹುಡುಗಿಯರು ಇಂದಿಗೂ ಕಲಿಯುತ್ತಾರೆ, ಹೊಸ ಗೀತೆಗಳನ್ನು ಅದರಲ್ಲೇ ಬರೆದುಕೊಂಡು ಹಾಡುತ್ತಾರೆ.